ಕೊರೊನಾ ಕಾಲವನ್ನು ಕೌದಿಯಲ್ಲಿ ಹೊಲಿದಿಡುವುದು ಹೇಗೆ

ಕೊರೊನಾ ದಿನಗಳ ಬಗ್ಗೆ ಏನಾದರೂ ಬಿಡಿಸಿ ಅಂದರೆ ಹೆಚ್ಚಿನವರು ಮೈತುಂಬ ಮುಳ್ಳಿರುವ ಆ ಚೆಂಡನ್ನೇ ಬಿಡಿಸುತ್ತಾರೆ. ಆ ಚೆಂಡು ಎಲ್ಲ ಮನೆಗೂ ಒಂದೇ. ನಿಮ್ಮ ಮನೆಯಲ್ಲಿ ಆ ಎರಡು ವರ್ಷ ಏನು ನಡೆಯಿತು ಅನ್ನುವುದು ಅದರಲ್ಲಿ ಇಲ್ಲ. ಅದು ಬೀರುವಿನ ಕೆಳಗಿನ ಖಾನೆಯಲ್ಲಿದೆ, ಮಂಚದಡಿಯ ಟ್ರಂಕಿನಲ್ಲಿದೆ. ಅಮ್ಮ ಹಳೆ ಪಂಚೆ ಹರಿದು ಹೊಲಿದ ಮಾಸ್ಕು. ಒಂದು ದಿನವೂ ಶಾಲೆಗೆ ಹೋಗದೆ ಗಿಡ್ಡವಾದ ಯೂನಿಫಾರ್ಮು. ಆಸ್ಪತ್ರೆಯಿಂದ ಕವರಿನಲ್ಲಿ ವಾಪಸ್ ಬಂದ ಟವೆಲು. ಇವನ್ನೆಲ್ಲ ಸೇರಿಸಿ ಒಂದು ಕೌದಿ ಹೊಲಿಯಿರಿ. ಚಿತ್ರ ಬರೆಯೋಕೆ ಬರಲ್ಲ ಅನ್ನುವವರಿಗೂ ಇದು ಬರುತ್ತದೆ. ಸೂಜಿಗೆ ದಾರ ಪೋಣಿಸೋಕೆ ಗೊತ್ತಿದ್ದರೆ ಸಾಕು.

ಉತ್ತರ ಕರ್ನಾಟಕದವರಿಗೆ ಕೌದಿ ಅಂದರೇನು ಅಂತ ಹೇಳಬೇಕಾಗಿಲ್ಲ. ಉಳಿದವರಿಗಾಗಿ: ಹಳೆ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಉದ್ದಕ್ಕೂ ಕೈಯಲ್ಲೇ ಟಾಕು, ಅಂದರೆ ಸೂಜಿಯ ಹೊಲಿಗೆ, ಹಾಕಿ ಮಾಡುವ ಹೊದಿಕೆ ಅದು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕವಂದಿಯೂ ಇದೇ ಜಾತಿಯದು. ಅವರು ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಪುಟ್ಟ ಮುಕ್ಕೋನಗಳನ್ನು ಹೂವಿನ ಹಾಗೆ ಸಿಕ್ಕಿಸುತ್ತಾರೆ. ಅದಿಲ್ಲದೆ ಕವಂದಿ ಪೂರ್ತಿ ಆದ ಹಾಗಲ್ಲ.

ರೋಗದ ಕಾಲವನ್ನು ಬಟ್ಟೆಯಲ್ಲಿ ಹಿಡಿದಿಟ್ಟವರು ಈ ಮೊದಲೂ ಇದ್ದಾರೆ. ಅಮೆರಿಕದಲ್ಲಿ ಏಡ್ಸ್‌ನಿಂದ ತೀರಿಕೊಂಡವರ ಆಪ್ತರು 1987ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂದೊಂದು ಹೆಸರಿಗೆ ಒಂದೊಂದು ತುಂಡು ಹೊಲಿಯತೊಡಗಿದರು. ಪ್ರತಿ ತುಂಡೂ 3 ಅಡಿ ಅಗಲ, 6 ಅಡಿ ಉದ್ದ. ಅಂದರೆ ಸುಮಾರು ಒಂದು ಸಮಾಧಿಯ ಅಳತೆ. ಅದೇ ವರ್ಷ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನಲ್ಲಿ ಮೊದಲ ಸಲ ಹಾಸಿದಾಗ 1,920 ತುಂಡುಗಳಿದ್ದವು. ಈಗ ಸುಮಾರು 50,000 ಇವೆ. ಹೋದವರ ಪ್ಯಾಂಟು, ಗೊಂಬೆ, ಅವರ ಪತ್ರ ಎಲ್ಲ ಅದರಲ್ಲಿ ಸೇರಿವೆ. ನಾವು ಅಷ್ಟು ದೊಡ್ಡದಕ್ಕೆ ಕೈ ಹಾಕುವುದು ಬೇಡ. ಒಂದು ಮನೆಗೆ ಒಂದು ಕೌದಿ ಸಾಕು.

ಮೊದಲು ಹುಡುಕಿ

ಸೂಜಿ ಹಿಡಿಯುವ ಮೊದಲು ಒಂದೆರಡು ವಾರ ಬರೀ ಹುಡುಕುವ ಕೆಲಸ ಮಾಡಿ. ಮನೆಯವರನ್ನೆಲ್ಲ ಕೂರಿಸಿಕೊಂಡು ಮಾತಾಡಿ. ದಿನಾಂಕ ಹೇಳಿದರೆ ನೆನಪು ಬೇಗ ಬರುತ್ತದೆ. 2020ರ ಮಾರ್ಚ್ 22, ಜನತಾ ಕರ್ಫ್ಯೂ. ಸಂಜೆ ಐದಕ್ಕೆ ತಟ್ಟೆ ಬಾರಿಸಿದವರು ಯಾರು? ಮಾರ್ಚ್ 25ರಿಂದ ಲಾಕ್‌ಡೌನ್. ಆಗ ಯಾರು ಯಾವ ಊರಲ್ಲಿ ಸಿಕ್ಕಿಕೊಂಡಿದ್ದರು? ಏಪ್ರಿಲ್ 5ರ ರಾತ್ರಿ ಒಂಬತ್ತಕ್ಕೆ ದೀಪ ಹಚ್ಚಿದ್ದು ನೆನಪಿದೆಯಾ? ಹೊರಗಿಂದ ಬಂದವರ ಕೈಗೆ ಹೋಮ್ ಕ್ವಾರಂಟೈನ್ ಮುದ್ರೆ ಒತ್ತುತ್ತಿದ್ದರಲ್ಲ, ನಿಮ್ಮ ಮನೆಯಲ್ಲಿ ಯಾರಿಗಾದರೂ ಬಿದ್ದಿತ್ತಾ? 2021ರ ಜುಲೈನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಎರಡೇ ದಿನಕ್ಕೆ ಮುಗಿದಾಗ ಮನೆಯಲ್ಲಿ ಹತ್ತನೇ ಕ್ಲಾಸಿನ ಮಗು ಇತ್ತಾ?

ಒಂದು ಸಲ ಮಾತು ಶುರುವಾದರೆ ಬಟ್ಟೆ ತಾನಾಗಿ ಈಚೆ ಬರುತ್ತದೆ. "ಅಯ್ಯೋ, ಆ ದಿನ ನಾನು ಉಟ್ಟಿದ್ದು ಇದೇ ಸೀರೆ" ಅಂತ ಒಬ್ಬರು ಎದ್ದು ಹೋಗಿ ತರುತ್ತಾರೆ. ಪ್ರತಿಯೊಬ್ಬರೂ ಒಂದೊಂದನ್ನು ಆರಿಸಲಿ. ಮಕ್ಕಳೂ ಆರಿಸಲಿ. ನಮಗೆ ಆ ವರ್ಷಗಳು ಬರೀ ಭಯ. ಆದರೆ ಆಗ ಐದು ವರ್ಷದ ಮಗುವಿಗೆ ಅಪ್ಪ ಇಡೀ ದಿನ ಮನೆಯಲ್ಲೇ ಇದ್ದ ಕಾಲವೂ ಅದೇ ಆಗಿತ್ತು. ಅದೂ ಕೌದಿಗೆ ಬರಬೇಕು.

ತೀರಿಕೊಂಡವರ ಬಟ್ಟೆ ಕತ್ತರಿಸುವ ಮೊದಲು ಮನೆಯ ಎಲ್ಲರನ್ನೂ ಕೇಳಿ. ಒಬ್ಬರಿಗೆ ಆ ಅಂಗಿ ಹಾಗೇ ಮಡಚಿಟ್ಟಿರಬೇಕು ಅನಿಸಿದರೆ ಅದಕ್ಕೆ ಕತ್ತರಿ ತಾಗಿಸಬೇಡಿ. ಜೇಬಿನ ಬಟ್ಟೆ, ಒಳ ಹೊಲಿಗೆಯಲ್ಲಿ ಬಿಟ್ಟಿರುವ ಹೆಚ್ಚುವರಿ ಬಟ್ಟೆ, ಸೀರೆಯ ಮುಚ್ಚಿಹೋಗುವ ತುದಿ, ಇಷ್ಟು ತೆಗೆದರೂ ಸಾಕು. ಉಡುಪು ಉಡುಪಾಗಿಯೇ ಉಳಿಯುತ್ತದೆ.

ಇನ್ನು ಕೆಲವರ ಹತ್ತಿರ ಏನೂ ಉಳಿದಿಲ್ಲ. ಆಗಿನ ಹೆದರಿಕೆಯಲ್ಲಿ ಹಾಸಿಗೆ, ಬಟ್ಟೆ, ದಿಂಬು ಎಲ್ಲವನ್ನೂ ಸುಟ್ಟವರು ಬಹಳ ಜನ. ಹಾಗಿದ್ದರೆ ಅಂಗಡಿಗೆ ಹೋಗಿ ಅದೇ ತರದ ಬಟ್ಟೆ ಹುಡುಕಿ ತಂದು ಅವರದೇ ಅನ್ನುವ ಹಾಗೆ ಹಾಕಬೇಡಿ. ಅವರ ಜಾಗಕ್ಕೆ ಬಿಳಿ ಹತ್ತಿ ಬಟ್ಟೆಯ ಒಂದು ಚೌಕ ಬಿಡಿ. ಅದರ ಮೇಲೆ ಬಿಳಿ ದಾರದಲ್ಲೇ ಟಾಕು ಹಾಕಿ. ನೋಡಿದವರು ಇದೇಕೆ ಖಾಲಿ ಅಂತ ಕೇಳುತ್ತಾರೆ. ಆಗ ನೀವು ಅವರ ಬಗ್ಗೆ ಹೇಳಬಹುದು.

ಸೇರಿಸಬಾರದ್ದು

ಮೆಡಿಕಲ್ ಅಂಗಡಿಯ ನೀಲಿ ಮಾಸ್ಕು, ಎನ್-95, ಪಿಪಿಇ ಕಿಟ್ಟು ಇವುಗಳನ್ನು ಕೌದಿಗೆ ಹೊಲಿಯಬೇಡಿ. ಇವು ನೇಯ್ದ ಬಟ್ಟೆಯಲ್ಲ, ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್. ಇಸ್ತ್ರಿ ತಾಗಿದರೆ ಕರಗುತ್ತದೆ, ನಾಲ್ಕು ಸಲ ಒಗೆದರೆ ಕಿತ್ತು ಬರುತ್ತದೆ. ಮೂಗಿನ ಮೇಲಿನ ತಂತಿ ತುಕ್ಕು ಹಿಡಿದು ಪಕ್ಕದ ಬಟ್ಟೆಗೂ ಕಲೆ ಮಾಡುತ್ತದೆ. ಮನೆಯಲ್ಲಿ ನರ್ಸೋ, ಆಶಾ ಕಾರ್ಯಕರ್ತೆಯೋ ಇದ್ದು ಮಾಸ್ಕು ಬೇಕೇ ಬೇಕು ಅನಿಸಿದರೆ, ಅದನ್ನು ನೀಲಿ ಹತ್ತಿ ಬಟ್ಟೆಯ ಮೇಲಿಟ್ಟು ಆಕಾರ ಬರೆದು ಕತ್ತರಿಸಿ. ಮೂರು ನೆರಿಗೆಯನ್ನೂ ಮಡಚಿ ಹೊಲಿಯಿರಿ. ಆಶಾ ಕಾರ್ಯಕರ್ತೆಯರ ಗುಲಾಬಿ ಸೀರೆಯ ತುಂಡು ಸಿಕ್ಕರೆ ಮಾಸ್ಕಿಗಿಂತ ಅದೇ ಚೆನ್ನ.

ಮನೆಯಲ್ಲಿ ಹೊಲಿದ ಬಟ್ಟೆ ಮಾಸ್ಕು ಮಾತ್ರ ಧಾರಾಳವಾಗಿ ಹಾಕಿ. ಇಲಾಸ್ಟಿಕ್ ಕತ್ತರಿಸಿ ತೆಗೆಯಿರಿ, ಅದು ಹೇಗೂ ಕೆಲವೇ ವರ್ಷಕ್ಕೆ ಅಂಟಂಟಾಗಿ ಪುಡಿಯಾಗುತ್ತದೆ. ಬಟ್ಟೆಯ ಲಾಡಿ ಇದ್ದರೆ ಹಾಗೇ ಬಿಡಿ. ಬೇಕಾದರೆ ನೆರಿಗೆಯ ಹೊಲಿಗೆ ಬಿಚ್ಚಿ ಚಪ್ಪಟೆ ಮಾಡಿಕೊಳ್ಳಿ. ಒಳಗಡೆ ಬಣ್ಣ ಮಾಸದ ಭಾಗ ಸಿಗುತ್ತದೆ, ಹೊರಗೆ ಮಾಸಿದ್ದು. ಎರಡೂ ಕಾಣುವ ಹಾಗೆ ಇಟ್ಟರೆ ಎಷ್ಟು ಸಲ ಒಗೆದು ಹಾಕಿಕೊಂಡಿದ್ದೆವು ಅನ್ನುವುದು ಗೊತ್ತಾಗುತ್ತದೆ.

ಆಗಿನ ಬಟ್ಟೆ ಮುಟ್ಟಿದರೆ ಈಗ ಸೋಂಕು ತಗಲುತ್ತಾ ಅಂತ ಈಗಲೂ ಕೇಳುವವರಿದ್ದಾರೆ. ಇಲ್ಲ. ಆ ವೈರಸ್ ಬಟ್ಟೆಯ ಮೇಲೆ ವರ್ಷಗಟ್ಟಲೆ ಬದುಕುವುದಿಲ್ಲ. ಸೋಪು ಹಾಕಿ ಒಗೆದು ಒಣಗಿಸಿದರೆ ಸಾಕು.

ಒಗೆಯುವುದು, ಕಲೆ ಉಳಿಸಿಕೊಳ್ಳುವುದು

ಎಲ್ಲ ಬಟ್ಟೆಯನ್ನೂ ಕತ್ತರಿಸುವ ಮೊದಲೇ ಒಗೆಯಿರಿ. ಆಮೇಲೆ ಒಗೆದರೆ ಒಂದೊಂದು ಬಟ್ಟೆ ಒಂದೊಂದು ಅಳತೆಗೆ ಕುಗ್ಗಿ ಕೌದಿ ಸೊಟ್ಟಗಾಗುತ್ತದೆ. ಕೆಂಪು, ಗಾಢ ನೀಲಿ, ಕಡು ಹಸಿರು ಬಣ್ಣದವನ್ನು ಬೇರೆ ನೆನೆಸಿ. ಒದ್ದೆ ಇರುವಾಗಲೇ ಬಿಳಿ ಬಟ್ಟೆಯ ತುಂಡು ಮೇಲಿಟ್ಟು ಒತ್ತಿ ನೋಡಿ. ಬಣ್ಣ ಹತ್ತಿದರೆ ಮತ್ತೆ ನೆನೆಸಿ ಹಿಂಡಿ. ಉಪ್ಪು ನೀರಿಗೆ ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತಾರೆ, ಅದನ್ನು ನಂಬಬೇಡಿ. ನಾಲ್ಕೈದು ಸಲ ಆದ ಮೇಲೂ ಬಣ್ಣ ಬಿಡುತ್ತಿದ್ದರೆ ಆ ತುಂಡನ್ನು ಬಿಳಿ ಬಟ್ಟೆಯ ಪಕ್ಕದಲ್ಲಿ ಇಡದಿದ್ದರಾಯಿತು.

ಕಲೆಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಚಿಕ್ಕಮ್ಮ 2021ರ ಎರಡನೇ ಅಲೆಯಲ್ಲಿ ಹೋದರು. ಅವರ ದಿನಬಳಕೆಯ ಒಂದು ಚುಕ್ಕಿ ಸೀರೆ ನಮ್ಮ ಹತ್ತಿರ ಉಳಿದಿದೆ. ಅಡುಗೆ ಮಾಡುತ್ತ ಮಾಡುತ್ತ ಕೈಯನ್ನು ಸೆರಗಿಗೇ ಒರೆಸುವುದು ಅವರ ಅಭ್ಯಾಸ. ಸೆರಗಿನ ಒಂದೇ ಜಾಗದಲ್ಲಿ, ಬಲಗೈ ತಲುಪುವ ಕಡೆ, ಅರಿಶಿನದ ಕಲೆ ಅಂಗೈ ಅಗಲಕ್ಕೆ ಕೂತಿದೆ. ಕತ್ತರಿಸಲು ತೆಗೆದಾಗ ಎಲ್ಲರೂ ಹೇಳಿದ್ದು ಚೆನ್ನಾಗಿರುವ ಕಡೆ ತೆಗೆದುಕೋ ಅಂತ. ನಾನು ಕಲೆ ಇರುವ ಕಡೆಯೇ ತೆಗೆದುಕೊಂಡೆ. ಚುಕ್ಕಿ ಸೀರೆ ಸಾವಿರಾರು ಜನರ ಹತ್ತಿರ ಇದೆ. ಆ ಕಲೆ ಅವರೊಬ್ಬರದೇ.

ಅರಿಶಿನದ ಕಲೆಗೆ ಸೋಪು ತಾಗಿದ ಕೂಡಲೇ ಅದು ಕೆಂಪಾಗುತ್ತದೆ. ಗಾಬರಿಯಾಗಬೇಡಿ. ಬಟ್ಟೆಯಲ್ಲಿ ಸೋಪಿನ ಅಂಶ ಉಳಿಯದ ಹಾಗೆ ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿಗೆ ಬರುತ್ತದೆ. ಅದನ್ನು ತೆಗೆದುಬಿಡುವುದು ಬಿಸಿಲು. ಕಲೆ ಹೋಗಬೇಕು ಅನ್ನುವವರು ಬಿಸಿಲಿಗೆ ಹಾಕುತ್ತಾರೆ. ನಮಗೆ ಉಳಿಯಬೇಕು, ಹಾಗಾಗಿ ನೆರಳಲ್ಲೇ ಒಣಗಿಸಬೇಕು. ಕೌದಿ ಆದ ಮೇಲೂ ಆ ಭಾಗ ಬಿಸಿಲಿಗೆ ಬೀಳದ ಹಾಗೆ ಮಡಚಿ ಒಣಹಾಕಿ. ಶಾಯಿಯ ಕಲೆ, ಕಾಫಿ ಕಲೆ ಕೂಡ ಹೀಗೇ. ಬಟ್ಟೆ ನಾರದಂತೆ ಒಗೆಯಿರಿ, ಕಲೆಯನ್ನು ಮಾತ್ರ ಉಜ್ಜಬೇಡಿ.

ಅಳತೆ

ಮೊದಲ ಕೌದಿ ಚಿಕ್ಕದಾಗಿರಲಿ. ಒಂದು ಹಳೆ ಹತ್ತಿ ಸೀರೆ ಸುಮಾರು 18 ಅಡಿ ಉದ್ದ, 45 ಇಂಚು ಅಗಲ ಇರುತ್ತದೆ. ಅದನ್ನು 4 ಅಡಿಯಂತೆ ಕತ್ತರಿಸಿದರೆ ನಾಲ್ಕು ತುಂಡು ಸಿಕ್ಕಿ 2 ಅಡಿ ಮಿಗುತ್ತದೆ. ಒಂದು ತುಂಡು ತಳದ ಪದರಕ್ಕೆ, ಎರಡು ನಡುವಿನ ಪದರಕ್ಕೆ. ನಾಲ್ಕನೆಯದನ್ನೂ ಹಾಕಿದರೆ ಚಳಿಗೆ ಒಳ್ಳೆಯದು, ಆದರೆ ಹೊಸಬರ ಬೆರಳಿಗೆ ಕಷ್ಟ. ಮೂರಕ್ಕೆ ನಿಲ್ಲಿಸಿ, ಮಿಕ್ಕಿದ್ದರಲ್ಲಿ ಚೌಕ ಕತ್ತರಿಸಿಕೊಳ್ಳಿ.

ಮೇಲಿನ ಚೌಕಗಳು ಎಂಟೆಂಟು ಇಂಚು. ಅರ್ಧ ಇಂಚು ಮಡಚಿ, ಅರ್ಧ ಇಂಚು ಪಕ್ಕದ್ದರ ಅಡಿಗೆ ಹೋಗಿ, ಕಾಣುವುದು ಏಳು ಇಂಚು. ಅಡ್ಡಕ್ಕೆ ಐದು, ಉದ್ದಕ್ಕೆ ಆರು, ಒಟ್ಟು 30 ಚೌಕ ಹಿಡಿಯುತ್ತವೆ. ಸುತ್ತ ಎರಡೂವರೆ ಇಂಚಿನ ಪಟ್ಟಿಗೆ ಬೇರೆ ಯಾವುದಾದರೂ ಸೀರೆಯ ಅಂಚು ಬಳಸಿ. ಇಳಕಲ್ ಸೀರೆಯ ಅಂಚಿದ್ದರೆ ಕೇಳುವುದೇ ಬೇಡ.

ಮೂವತ್ತೂ ಚೌಕ ನೆನಪಿನ ಬಟ್ಟೆಯೇ ಆಗಬೇಕಿಲ್ಲ. ಹತ್ತು ಹನ್ನೆರಡು ಸಿಕ್ಕರೆ ಬಹಳವಾಯಿತು. ಉಳಿದ ಕಡೆ ಸಾದಾ ಬಟ್ಟೆ ಇಡಿ. ಎಲ್ಲ ಚೌಕವೂ ಮಾತಾಡತೊಡಗಿದರೆ ಯಾವುದೂ ಕೇಳಿಸುವುದಿಲ್ಲ.

ಅಣ್ಣ ಮಸ್ಕತ್‌ನಲ್ಲಿ, ತಂಗಿ ಡಲ್ಲಾಸ್‌ನಲ್ಲಿ ಇರುವ ಮನೆಗಳಿಗೆ ಈ ಚೌಕದ ಲೆಕ್ಕ ತುಂಬ ಅನುಕೂಲ. 2020ರ ಮಾರ್ಚ್ ಕೊನೆಗೆ ವಿಮಾನ ನಿಂತಾಗ ಅಪ್ಪ ಅಮ್ಮನ ಕೊನೆ ಮುಖ ನೋಡಲಾಗದೆ ಅಲ್ಲೇ ಉಳಿದವರು ಎಷ್ಟು ಜನ! ಅವರು ಅಲ್ಲಿಂದಲೇ ತಮ್ಮ ಚೌಕ ಹೊಲಿದು ಕವರಿನಲ್ಲಿ ಕಳಿಸಲಿ. ಎಲ್ಲರಿಗೂ ಒಂದೇ ಅಳತೆ ಹೇಳಿ, ಸುತ್ತ ಒಂದು ಇಂಚು ಖಾಲಿ ಬಿಡಲು ಹೇಳಿ. ಆ ಅಂಚು ಮಡಿಕೆಗೆ ಹೋಗುತ್ತದೆ.

ಅಕ್ಷರ ಹೊಲಿಯುವುದು

ಹೆಸರು, ದಿನಾಂಕ, ಒಂದು ಮಾತು, ಏನು ಹೊಲಿಯುವುದಿದ್ದರೂ ಚೌಕವನ್ನು ಕೌದಿಗೆ ಕೂಡಿಸುವ ಮೊದಲೇ ಹೊಲಿಯಿರಿ. ಆಮೇಲೆ ಆದರೆ ನಾಲ್ಕು ಪದರ ದಾಟಿಸಬೇಕು.

ಪೆನ್ನಿನಲ್ಲಿ ಬರೆದುಬಿಟ್ಟರೆ ಸಾಲದೇ? ಸಾಲದು. ಲಂಡನ್ನಿನಲ್ಲಿ ಥೇಮ್ಸ್ ನದಿಯ ದಂಡೆಯ ಗೋಡೆಯ ಮೇಲೆ 2021ರ ಮಾರ್ಚ್‌ನಿಂದ ಕೊರೊನಾದಲ್ಲಿ ಹೋದವರಿಗಾಗಿ ಕೆಂಪು ಹೃದಯಗಳನ್ನು ಬರೆದರು, ಒಂದೂವರೆ ಲಕ್ಷದಷ್ಟು. ಮೊದಲು ಬಳಸಿದ್ದು ಬಣ್ಣದ ಪೆನ್ನು. ಬಿಸಿಲು ಮಳೆಗೆ ಕೆಂಪು ಮಾಸಿ ತಿಳಿಗುಲಾಬಿಯಾಯಿತು. ಸ್ವಯಂಸೇವಕರು ಒಂದೊಂದನ್ನೇ ಗೋಡೆಗೆ ಬಳಿಯುವ ಗಟ್ಟಿ ಬಣ್ಣದಿಂದ ಮತ್ತೆ ಬಳಿಯಬೇಕಾಯಿತು, ಹೆಸರುಗಳನ್ನೂ ಮತ್ತೆ ಬರೆಯಬೇಕಾಯಿತು. ಬಟ್ಟೆಯ ಮೇಲೆ ಬಾಲ್‌ಪೆನ್ನು, ಸ್ಕೆಚ್ ಪೆನ್ನು ಇನ್ನೂ ಬೇಗ ಹೋಗುತ್ತವೆ. ದಾರ ಉಳಿಯುತ್ತದೆ.

ಪೆನ್ಸಿಲಿನಲ್ಲಿ ಅಥವಾ ಟೈಲರ್ ಚಾಕಿನಲ್ಲಿ ತೆಳ್ಳಗೆ ಬರೆದುಕೊಂಡು ಅದರ ಮೇಲೆ ಹೊಲಿಯಿರಿ. ಕನ್ನಡ ಅಕ್ಷರ ಎಲ್ಲ ಗುಂಡಗೆ, ಹಾಗಾಗಿ ಸರಪಳಿ ಹೊಲಿಗೆ ಚೆನ್ನಾಗಿ ತಿರುಗುತ್ತದೆ. ಬಳುಕುವ ಕಡೆ ಟಾಕು ಚಿಕ್ಕದಾಗಿರಲಿ. ಕಷ್ಟ ಕೊಡುವುದು ಒತ್ತಕ್ಷರ. "ಮನೆ" ಅಂತ ಹೊಲಿಯಲು ಒಂದು ಇಂಚು ಎತ್ತರ ಸಾಕು. "ಆಕ್ಸಿಜನ್" ಅಂತ ಹೊಲಿಯಲು ಹೋದರೆ ಅಷ್ಟು ಜಾಗದಲ್ಲಿ ಒತ್ತು ಗಂಟಾಗಿ ಏನೂ ಕಾಣದು. ಅಕ್ಷರ ಒಂದೂವರೆ ಇಂಚಾದರೂ ಇರಲಿ, ಕೆಳಗೆ ಒತ್ತಿಗೆ ಬೇರೆ ಜಾಗ ಬಿಡಿ.

ಏನು ಬರೆಯುವುದು? ದೊಡ್ಡ ಮಾತು ಬೇಡ. ಆಗ ಮನೆಯಲ್ಲಿ ನಿಜವಾಗಿ ಆಡಿದ ಮಾತು ಬರೆಯಿರಿ. "ಹಾಲು ಹೊರಗಿಟ್ಟಿದೀನಿ." "ಹತ್ತಿರ ಬರಬೇಡ ಪುಟ್ಟಾ." "ಮೀಟರ್ ಎಷ್ಟು ತೋರಿಸ್ತಿದೆ?" ಬೆರಳಿಗೆ ಸಿಕ್ಕಿಸುವ ಆ ಮೀಟರಿನ ಅಂಕಿಯೊಂದನ್ನೇ ಹೊಲಿದರೂ ಆಯಿತು. 94 ಅಂತ ಇಷ್ಟೇ ಇರಲಿ. ಆ ದಿನಗಳನ್ನು ಕಂಡವರಿಗೆ ಬೇರೆ ವಿವರಣೆ ಬೇಕಿಲ್ಲ.

ಫೋಟೊ ಅಚ್ಚು ಹಾಕಿಸಬೇಕು ಅಂತ ಹಲವರಿಗೆ ಆಸೆ. ನನಗೆ ಅಷ್ಟು ಇಷ್ಟವಿಲ್ಲ, ಗೋಡೆಯ ಮೇಲೆ ಹೇಗೂ ಫೋಟೊ ಇರುತ್ತದೆ. ಅವರ ಅಂಗಿಯ ಗುಂಡಿ, ರವಿಕೆಯ ಹುಕ್ಕು, ಜೇಬು ಹಾಕಿ. ಫೋಟೊ ಬೇಕೇ ಬೇಕಿದ್ದರೆ ಟೀ ಶರ್ಟಿಗೆ ಅಚ್ಚು ಹಾಕುವ ಅಂಗಡಿಯಲ್ಲಿ ಹತ್ತಿ ಬಟ್ಟೆ ಅಂತ ಮೊದಲೇ ಹೇಳಿ. ಪಾಲಿಯೆಸ್ಟರ್‌ಗೆಂದು ಇರುವ ಸಬ್ಲಿಮೇಶನ್ ಅಚ್ಚು ಹತ್ತಿಯ ಮೇಲೆ ನಿಲ್ಲುವುದಿಲ್ಲ.

ಹಾಸುವುದು, ಟಾಕು ಹಾಕುವುದು

ನೆಲ ಒರೆಸಿ ಅಡಿಯ ಪದರವನ್ನು ಸುಕ್ಕಿಲ್ಲದೆ ಹಾಸಿ. ಅದರ ಮೇಲೆ ನಡುವಿನ ಪದರಗಳು. ಆಮೇಲೆ ಚೌಕಗಳನ್ನು ಸುಮ್ನೆ ಇಟ್ಟು ನೋಡಿ, ಇನ್ನೂ ಹೊಲಿಯಬೇಡಿ. ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ಕಪ್ಪು ಬಿಳುಪು ಮಾಡಿ ನೋಡಿದರೆ ಎಲ್ಲಿ ಗಾಢ ಬಣ್ಣ ಒಂದೇ ಕಡೆ ಗುಂಪಾಗಿದೆ ಅಂತ ತಿಳಿಯುತ್ತದೆ. ದಿನಾಂಕದ ಪ್ರಕಾರ ಜೋಡಿಸುವ ಅಗತ್ಯವಿಲ್ಲ. ತೀರಿಕೊಂಡವರ ಬಟ್ಟೆಯನ್ನು ನಡುಮಧ್ಯೆ ಒಂದೇ ಇಟ್ಟು ದೇವರಕೋಣೆಯಂತೆ ಮಾಡಬೇಡಿ. ಮಕ್ಕಳ ಯೂನಿಫಾರ್ಮಿನ ಪಕ್ಕ, ಅಡುಗೆಮನೆ ಬಟ್ಟೆಯ ಪಕ್ಕ ಇಡಿ. ಅವರು ಮನೆಯಲ್ಲಿ ಇದ್ದದ್ದು ಹಾಗೇ ಅಲ್ವಾ?

ಇಷ್ಟವಾದ ಜೋಡಣೆ ಸಿಕ್ಕಮೇಲೆ ಒಂದು ಚೌಕದ ಮಡಚಿದ ಅಂಚು ಪಕ್ಕದ್ದರ ಮಡಚದ ಅಂಚನ್ನು ಮುಚ್ಚುವ ಹಾಗೆ ಕೂರಿಸುತ್ತ ಹೋಗಿ. ಪಾಲಿಯೆಸ್ಟರ್ ಸೀರೆಯ ತುಂಡಾದರೆ ಎಳೆ ಬಿಡುತ್ತದೆ, ಸ್ವಲ್ಪ ದೊಡ್ಡದಾಗಿ ಕತ್ತರಿಸಿ ಜಾಸ್ತಿ ಮಡಚಿ. ಹೊರಗಿನ ಪಟ್ಟಿಯನ್ನು ಅಡಿಯ ಬಟ್ಟೆಯ ಜೊತೆ ಒಳಕ್ಕೆ ಮಡಚಿ. ಪೂರ್ತಿ ಕೌದಿಗೆ ಗೇಣಿಗೊಂದು ಸಾಲಿನಂತೆ ಆಮೇಲೆ ಬಿಚ್ಚುವ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿಬಿಡಿ. ಇದರಲ್ಲಿ ಅವಸರ ಮಾಡಿದರೆ ಮುಂದೆ ಸುಕ್ಕಿನ ಜೊತೆ ಹೋರಾಡಬೇಕಾಗುತ್ತದೆ.

ಈಗ ನಿಜವಾದ ಟಾಕು. ದಪ್ಪ ಹತ್ತಿ ದಾರ, ಸ್ವಲ್ಪ ಉದ್ದನೆಯ ಸೂಜಿ. ದಾರ ಒಂದು ಕೈ ಉದ್ದಕ್ಕಿಂತ ಜಾಸ್ತಿ ಬೇಡ, ಸಿಕ್ಕಾಗುತ್ತದೆ. ಟಾಕು ಕಾಲು ಇಂಚು, ಸಾಲಿನಿಂದ ಸಾಲಿಗೆ ಒಂದು ಬೆರಳಿನಷ್ಟು ಜಾಗ. ಸಿದ್ದಿ ಹೆಣ್ಣುಮಕ್ಕಳು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ಅವರು ತುಂಡುಗಳನ್ನು ಹೊಲಿಯುತ್ತ ಹೊಲಿಯುತ್ತಲೇ ಇಡುವುದರಿಂದ ಬಟ್ಟೆ ಉಬ್ಬುವುದಿಲ್ಲ. ನಾವು ಎಲ್ಲ ಚೌಕವನ್ನೂ ಮೊದಲೇ ಇಟ್ಟಿದ್ದೇವೆ. ಹಾಗಾಗಿ ನಡುವಿನ ಸಾಲಿನಿಂದ ಶುರುಮಾಡಿ ಹೊರಕ್ಕೆ ಹೋಗಬೇಕು. ಅಂಚಿನಿಂದ ಬಂದರೆ ಸಡಿಲ ಬಟ್ಟೆಯೆಲ್ಲ ನಡುವೆ ಗುಡ್ಡೆಯಾಗುತ್ತದೆ.

ನನಗೆ ಕೌದಿ ಕಲಿಸಿದ ಅಜ್ಜಿ ಪಕ್ಕದಲ್ಲಿ ಕೂತು ಹೇಳುತ್ತಿದ್ದುದು ಒಂದೇ ಮಾತು. "ದಾರ ಜಗ್ಗಬ್ಯಾಡವಾ, ಬಟ್ಟಿ ಮುದುಡತೈತಿ." ಟಾಕು ಹಾಕಿದ ಮೇಲೆ ಅಂಗೈಯಿಂದ ಸಾಲನ್ನು ಸವರಿ, ಆಮೇಲೆ ಮುಂದಕ್ಕೆ ಹೋಗಿ. ಬಟ್ಟೆ ಸ್ವಲ್ಪ ನಿರಿಗೆ ನಿರಿಗೆಯಾಗಿ ಕಂಡರೆ ಅದು ಕೌದಿಯ ಲಕ್ಷಣವೇ.

ಕೆಲವು ಚೌಕದ ಹತ್ತಿರ ಬಂದಾಗ ಕೈ ಮುಂದೆ ಹೋಗುವುದಿಲ್ಲ. ಆಗ ಸೂಜಿಯನ್ನು ಬಟ್ಟೆಗೇ ಚುಚ್ಚಿ ಎದ್ದುಬಿಡಿ. ಅಥವಾ ಆ ಸಾಲನ್ನು ಬೇರೆಯವರಿಗೆ ಕೊಡಿ. ಕೌದಿಗೆ ನಾಲ್ಕು ಕಡೆಯಿಂದ ನಾಲ್ಕು ಜನ ಕೂರಬಹುದು, ಟಾಕು ಒಬ್ಬೊಬ್ಬರದು ಒಂದೊಂದು ತರ ಕಾಣುತ್ತದೆ. ಹಾಗೇ ಇರಲಿ, ಬಿಚ್ಚಿ ಸರಿಮಾಡಲು ಹೋಗಬೇಡಿ. ಎಂಟು ವರ್ಷದ ಮಗು ಹಾಕಿದ ಉದ್ದ ಟಾಕು ಕೂಡ ಇರಲಿ.

ಹಿಂಭಾಗ

ಕೌದಿಯ ಹಿಂದೆ ಒಂದು ಮೂಲೆಗೆ ಬಿಳಿ ಬಟ್ಟೆಯ ಚೀಟಿ ಹೊಲಿಯಿರಿ. ಯಾರು ಹೊಲಿದರು, ಯಾವ ಊರು, ಯಾವ ವರ್ಷ. ಯಾವ ಚೌಕ ಯಾರದು ಅನ್ನುವುದನ್ನು ಒಂದು ಕಾಗದದ ಮೇಲೆ ಚೌಕದ ಮನೆಗಳಂತೆ ಗೆರೆ ಎಳೆದು ಬರೆದು, ಅದರ ಫೋಟೊವನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ. ಈಗ ನಿಮಗೆ ಎಲ್ಲ ಗೊತ್ತು. ಮೊಮ್ಮಕ್ಕಳಿಗೆ ಗೊತ್ತಿರುವುದಿಲ್ಲ.

ಒಗೆಯುವಾಗ ತಣ್ಣೀರು, ಕಡಿಮೆ ಸೋಪು, ಕೈಯಿಂದಲೇ. ಹಿಂಡಬೇಡಿ, ಅದುಮಿ ನೀರು ತೆಗೆಯಿರಿ. ಒದ್ದೆ ಕೌದಿ ತುಂಬ ಭಾರ, ಒಂದೇ ಹಗ್ಗಕ್ಕೆ ನೇತುಹಾಕಿದರೆ ಹೊಲಿಗೆ ಜಗ್ಗುತ್ತದೆ. ಎರಡು ಹಗ್ಗದ ಮೇಲೆ ಹರಡಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಹಳೆ ಪಂಚೆಯಲ್ಲಿ ಸುತ್ತಿಡಿ, ವರ್ಷಕ್ಕೆರಡು ಸಲ ಮಡಿಕೆ ಬದಲಿಸಿ. ಇಡುವುದಕ್ಕಿಂತ ಹೊದ್ದುಕೊಳ್ಳುವುದು ಇನ್ನೂ ಒಳ್ಳೆಯದು.

ಅಕ್ಕತಂಗಿಯರು, ಅಣ್ಣತಮ್ಮಂದಿರು ಇರುವ ಮನೆಯಾದರೆ ಅಮ್ಮನ ಸೀರೆಗೆ ಕತ್ತರಿ ಹಾಕುವ ಮೊದಲೇ ಪಾಲಿನ ಮಾತು ಮುಗಿಸಿಕೊಳ್ಳಿ. ಒಂದು ಸೆರಗಿನಲ್ಲೇ ಎಂಟು ಇಂಚಿನ ನಾಲ್ಕೈದು ಚೌಕ ಸುಲಭವಾಗಿ ಬರುತ್ತವೆ. ಈಗ ಕೌದಿ ಹೊಲಿಯದವರಿಗೂ ಅವರ ಚೌಕವನ್ನು ಮಡಚಿ, ಹೆಸರು ಬರೆದು ಎತ್ತಿಡಿ. ಐದು ವರ್ಷದ ಮೇಲೆ ಅವರು ಕೇಳಬಹುದು.